ಸಾಕಿದ ನಾಯಿ ಕಚ್ಚಿದರೆ ಹೊಣೆ ಯಾರದು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ದಂಪತಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕುಟುಂಬ ಕಲ್ಯಾಣವೆಂದ ಕೂಡಲೇ ಗರ್ಭಿಣಿಯರ ಆರೈಕೆ, ಸುರಕ್ಷಿತ ಹೆರಿಗೆ, ಮಕ್ಕಳಿಗೆ ಲಸಿಕೆ, ಹೆರಿಗೆಗಳ ನಡುವಣ ಅಂತರ ಮುಂತಾದ ವಿಷಯಗಳು ನಿಮ್ಮ ನೆನಪಿಗೆ ಬರುತ್ತವೆ. ಅವೆಲ್ಲವೂ ಮುಖ್ಯವಾದವುಗಳೇ ಸರಿ. ಆದರೆ ಅಷ್ಟು ಎಚ್ಚರಿಕೆಯಿಂದ ಹೆತ್ತು, ಸಾಕಿ, ಶಾಲೆಗೆ ಕಳುಹಿಸಿದ ಮಗು ಒಂದು ಸಂಜೆ ನೆರೆಮನೆಯ ನಾಯಿಯಿಂದ ಕಚ್ಚಿಸಿಕೊಂಡು ಅಳುತ್ತ ಬಂದರೆ ತಂದೆತಾಯಿಗಳು ಏನು ಮಾಡಬೇಕು? ಇದೂ ಕುಟುಂಬ ಕಲ್ಯಾಣಕ್ಕೆ ಸೇರಿದ ಪ್ರಶ್ನೆಯೇ. ಆ ಗಳಿಗೆಯಲ್ಲಿ ಎರಡು ವಿಚಾರಗಳು ಒಟ್ಟಿಗೆ ಎದುರಾಗುತ್ತವೆ. ಮೊದಲನೆಯದು, ಮಗುವಿನ ಪ್ರಾಣವನ್ನು ಕಾಪಾಡುವುದು. ಎರಡನೆಯದು, ಆದ ನೋವಿಗೂ ನಷ್ಟಕ್ಕೂ ಉತ್ತರ ಕೊಡಬೇಕಾದವರು ಯಾರು ಎಂಬುದು. ಇವೆರಡನ್ನೂ ಇಂದು ಕ್ರಮವಾಗಿ ವಿಚಾರ ಮಾಡೋಣ.

ನಮ್ಮ ಭಾಗದಲ್ಲಿ ನಾಯಿ

ನಾಯಿಯಿಲ್ಲದ ಊರು ನಮ್ಮ ಕಡೆ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರಿನ ಹಳ್ಳಿಗಳಲ್ಲಿ ಮತ್ತು ಕ್ಯಾಂಪುಗಳಲ್ಲಿ ಕಣ, ಗೋದಾಮು, ಅಕ್ಕಿ ಗಿರಣಿಗಳ ಕಾವಲಿಗೆ ನಾಯಿ ಇದೆ. ಮಳೆಯನ್ನೇ ನಂಬಿದ ಲಿಂಗಸುಗೂರು ಮತ್ತು ಮಸ್ಕಿಯ ಬಯಲುಗಳಲ್ಲಿ ಕುರಿ ಹಿಂಡಿನ ಜೊತೆ ನಾಯಿ ಇದೆ. ತೋಳ, ಕಳ್ಳರಿಂದ ಹಿಂಡನ್ನು ಉಳಿಸುವ ಆ ಪ್ರಾಣಿಯ ಉಪಕಾರವನ್ನು ಕುರಿಗಾರರು ಮರೆಯಲಾರರು. ಆದುದರಿಂದ ನಾಯಿಯನ್ನು ಸಾಕಬಾರದೆಂದು ಹೇಳುವುದು ಈ ಉಪನ್ಯಾಸದ ಉದ್ದೇಶವಲ್ಲ.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವಿರುವುದು ನಿಮಗೆಲ್ಲ ತಿಳಿದಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ದೊರೆಯಿತು. ಗಿರ್ನಾರ್ ಮೊದಲಾದ ಕಡೆಗಳಲ್ಲಿರುವ ತನ್ನ ಇನ್ನೊಂದು ಶಾಸನದಲ್ಲಿ ಅದೇ ದೊರೆ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದುದನ್ನು ಹೇಳಿಕೊಂಡಿದ್ದಾನೆ. ಮನುಷ್ಯನ ಆರೋಗ್ಯ ಬೇರೆ, ಪಶುವಿನ ಆರೋಗ್ಯ ಬೇರೆ ಅಲ್ಲ ಎಂಬ ಅಂದಿನ ತಿಳಿವಳಿಕೆ ನಾಯಿ ಕಡಿತದ ವಿಷಯದಲ್ಲಿ ಇಂದಿಗೂ ಅಕ್ಷರಶಃ ಸತ್ಯ. ಲಸಿಕೆ ಹಾಕಿಸಿಕೊಂಡ ನಾಯಿ ಮನೆಯ ಮಕ್ಕಳಿಗೂ ಊರಿನ ಮಕ್ಕಳಿಗೂ ರಕ್ಷೆ.

ಮೊದಲ ಕರ್ತವ್ಯ: ಪ್ರಾಣರಕ್ಷಣೆ

ಕಾನೂನಿನ ಮಾತಿಗೆ ಮೊದಲು ಗಾಯದ ಮಾತು. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಒಮ್ಮೆ ಲಕ್ಷಣಗಳನ್ನು ತೋರಿತೆಂದರೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಈ ರೋಗದಿಂದ ಸಾಯುತ್ತಾರೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99 ಪಾಲು ಬರುವುದು ನಾಯಿಯಿಂದಲೇ. ಸಂಶಯಾಸ್ಪದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಇಷ್ಟು ಭಯಂಕರವಾದ ಈ ರೋಗವನ್ನು, ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ಸಂಪೂರ್ಣವಾಗಿ ತಡೆಯಬಹುದು.

ಮಾಡಬೇಕಾದುದು ಇಷ್ಟು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಮೈಸಾಬೂನಾಗಲಿ ಬಟ್ಟೆಸಾಬೂನಾಗಲಿ, ಕೈಗೆ ಸಿಕ್ಕಿದ್ದು ಸಾಕು. ಖಾರದ ಪುಡಿ, ಸುಣ್ಣ, ಅರಿಶಿನ, ಕಾಯಿಸಿದ ಎಣ್ಣೆ, ಸೊಪ್ಪಿನ ರಸ ಇವುಗಳಲ್ಲಿ ಯಾವುದನ್ನೂ ಹಚ್ಚಬೇಡಿ. ಗಾಯವನ್ನು ಬಿಗಿದು ಕಟ್ಟಬೇಡಿ. ತಾಯಿತ, ಮಂತ್ರ, ಪಥ್ಯಗಳಲ್ಲಿ ದಿನ ಕಳೆಯಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ.

ಹೊಟ್ಟೆಗೆ 14 ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಕೆಲವರಲ್ಲಿ ಉಳಿದಿದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಅಂತ್ಯಕ್ಕೆ ನಿಂತುಹೋಯಿತು. ಈಗ ತೋಳಿನ ಚರ್ಮಕ್ಕೆ ಹಾಕುವ ಲಸಿಕೆಯನ್ನು ಕಚ್ಚಿದ ದಿನ ಆರಂಭಿಸಿ 3, 7 ಮತ್ತು 28ನೆಯ ದಿನಗಳಂದು, ಒಟ್ಟು ನಾಲ್ಕು ಸಲ ಹಾಕಿಸಿಕೊಳ್ಳಬೇಕು. ಮಾಂಸಖಂಡಕ್ಕೆ ಹಾಕುವ ಕ್ರಮದಲ್ಲಾದರೆ ಐದು ಸಲ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಪ್ರತಿವಿಷದ ಚುಚ್ಚುಮದ್ದು ಬೇಕಾಗುತ್ತದೆ. ಅದನ್ನು ವೈದ್ಯರಲ್ಲಿ ಕೇಳಿ ಹಾಕಿಸಿಕೊಳ್ಳಿರಿ. ಗರ್ಭಿಣಿಯರೂ ಎದೆಹಾಲು ಕುಡಿಸುವ ತಾಯಂದಿರೂ ಈ ಲಸಿಕೆಯನ್ನು ನಿರ್ಭಯವಾಗಿ ಹಾಕಿಸಿಕೊಳ್ಳಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾದೀತೆಂದು ಲಸಿಕೆಯನ್ನು ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ ತಂದುಕೊಂಡಂತೆ.

ಕಚ್ಚಿದ ನಾಯಿಯನ್ನು ಸಿಟ್ಟಿನಿಂದ ಹೊಡೆದು ಕೊಲ್ಲಬೇಡಿ. ಅದನ್ನು ಕಟ್ಟಿಹಾಕಿ 10 ದಿನ ಗಮನಿಸಬೇಕು. ಹತ್ತು ದಿನ ಆರೋಗ್ಯವಾಗಿ ಉಳಿದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ತಿಳಿಯುತ್ತದೆ. ಆದರೆ ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎನ್ನಬಾರದು. ಲಸಿಕೆ ಮೊದಲ ದಿನವೇ ಆರಂಭವಾಗಬೇಕು. ಮುಂದೇನೆಂಬುದನ್ನು ವೈದ್ಯರು ಹೇಳುತ್ತಾರೆ.

ಕಾನೂನು ಏನು ಹೇಳುತ್ತದೆ?

ಈಗ ಎರಡನೆಯ ವಿಚಾರಕ್ಕೆ ಬರೋಣ. 1860ರ ಭಾರತೀಯ ದಂಡ ಸಂಹಿತೆಯ 289ನೆಯ ಕಲಮು ಬಹಳ ಕಾಲದವರೆಗೆ ಈ ವಿಷಯವನ್ನು ನೋಡಿಕೊಳ್ಳುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಈ ಹೊಸ ಸಂಹಿತೆಯ 291ನೆಯ ಕಲಮಿನ ತಾತ್ಪರ್ಯ ಹೀಗಿದೆ: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯವಾಗಲಿ ತೀವ್ರವಾದ ಗಾಯವಾಗಲಿ ಸಂಭವಿಸದಂತೆ ತಕ್ಕ ಎಚ್ಚರಿಕೆಯನ್ನು, ತಿಳಿದೂ ಅಥವಾ ನಿರ್ಲಕ್ಷ್ಯದಿಂದ, ತೆಗೆದುಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಿಂದೆ ಈ ದಂಡದ ಮಿತಿ 1,000 ರೂಪಾಯಿ ಇತ್ತು.

ಇದಲ್ಲದೆ, ನಿರ್ಲಕ್ಷ್ಯದಿಂದ ಇತರರ ದೇಹಕ್ಕೆ ಗಾಯವುಂಟುಮಾಡಿದರೆ 125ನೆಯ ಕಲಮು ಅನ್ವಯಿಸುತ್ತದೆ. ಗಾಯ ತೀವ್ರವಾಗಿದ್ದರೆ ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ಮುಖ ಶಾಶ್ವತವಾಗಿ ವಿಕಾರವಾಗುವುದು, ಕಣ್ಣು ಹೋಗುವುದು, ಎಲುಬು ಮುರಿಯುವುದು ಇವೆಲ್ಲ ಕಾನೂನಿನ ದೃಷ್ಟಿಯಲ್ಲಿ ತೀವ್ರ ಗಾಯಗಳು. ನಿರ್ಲಕ್ಷ್ಯದಿಂದ ಸಾವೇ ಸಂಭವಿಸಿದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸ ಉಂಟು.

ಶಿಕ್ಷೆ ಬೇರೆ, ಪರಿಹಾರ ಬೇರೆ ಎಂಬುದನ್ನು ಇಲ್ಲಿ ಮನಗಾಣಬೇಕು. ಶಿಕ್ಷೆ ತಪ್ಪಿತಸ್ಥನಿಗೆ, ಪರಿಹಾರ ನೊಂದವರಿಗೆ. ಔಷಧದ ಖರ್ಚು, ಓಡಾಟದ ಖರ್ಚು, ಕೂಲಿ ತಪ್ಪಿದ ನಷ್ಟ, ಅನುಭವಿಸಿದ ನೋವು, ಉಳಿದುಹೋದ ಊನ ಇವುಗಳಿಗಾಗಿ ನಾಯಿಯ ಮಾಲೀಕನಿಂದ ಪರಿಹಾರ ಕೇಳಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿಯೂ, ವಸೂಲಾದ ದಂಡದಿಂದ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಲಸಿಕೆ ಉಚಿತವಾಗಿರುವಾಗ ನಷ್ಟವೆಲ್ಲಿ ಬಂತು ಎಂದು ಕೇಳುವವರುಂಟು. ಒಂದು ಲೆಕ್ಕ ಹಾಕಿ ನೋಡೋಣ. ಕೂಲಿ ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಳ್ಳಿ. ತಾಯಿ ಕೆಲಸ ಬಿಟ್ಟು ಮಗುವನ್ನು ನಾಲ್ಕು ಸಲ ಆಸ್ಪತ್ರೆಗೆ ಕರೆದೊಯ್ದರೆ 1,600 ರೂಪಾಯಿ ಹೋಯಿತು. ಆಟೋ, ಊಟ ಎಂದು ಸಲಕ್ಕೆ 100 ರೂಪಾಯಿಯಾದರೂ 400 ರೂಪಾಯಿ. ಸಣ್ಣ ಗಾಯವೇ ಆದರೂ 2,000 ರೂಪಾಯಿ ಕೈಬಿಟ್ಟಿತು. ನಾಟಿ ಅಥವಾ ಕಳೆ ತೆಗೆಯುವ ಕಾಲದಲ್ಲಿ ಒಂದು ಬಡ ಕುಟುಂಬಕ್ಕೆ ಇದು ಅಲ್ಪ ಮೊತ್ತವಲ್ಲ. ಈ ಹೊರೆಯನ್ನು ನಾಯಿ ಕಚ್ಚಿಸಿಕೊಂಡವರು ಹೊರಬೇಕೋ, ನಾಯಿಯನ್ನು ಬಿಟ್ಟವರು ಹೊರಬೇಕೋ? ನ್ಯಾಯವೂ ಕಾನೂನೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಮಾಲೀಕ ಯಾರು? ನೆಪಗಳು ಯಾವುವು?

ಕಾನೂನು ಬಳಸುವ ಮಾತು ‘ವಶದಲ್ಲಿರುವ ಪ್ರಾಣಿ’ ಎಂದು. ಹಣ ಕೊಟ್ಟು ತಂದವನೇ ಮಾಲೀಕನೆಂದಿಲ್ಲ. ದಿನವೂ ಅನ್ನ ಹಾಕಿ, ಅಂಗಳದಲ್ಲಿ ಮಲಗಿಸಿ, ಕಣದ ಕಾವಲಿಗೆ ಬಳಸಿಕೊಂಡು, ಕಚ್ಚಿದ ದಿನ ಮಾತ್ರ ‘ಅದು ಬೀದಿ ನಾಯಿ, ನಮ್ಮದಲ್ಲ’ ಎಂದರೆ ಆ ಮಾತು ನಿಲ್ಲುವುದು ಕಷ್ಟ. ಯಾರ ಕೈಯಲ್ಲಿತ್ತು, ಯಾರು ಹಿಡಿತದಲ್ಲಿಡಬಹುದಾಗಿತ್ತು ಎಂಬುದನ್ನು ವಿಚಾರಣೆಯಲ್ಲಿ ನೋಡಲಾಗುತ್ತದೆ.

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮಾಲೀಕರು ಹೇಳುವುದುಂಟು. ಗಾದೆ ಮನುಷ್ಯರ ಸ್ವಭಾವಕ್ಕಾಗಿ ಹುಟ್ಟಿದ್ದು. ನ್ಯಾಯಾಲಯದಲ್ಲಿ ಅದು ಸಾಕ್ಷಿಯಾಗದು. ಮೊದಲೊಮ್ಮೆ ಯಾರನ್ನೋ ಕಚ್ಚಿದ, ದಾರಿಹೋಕರ ಮೇಲೆ ಎರಗುವ ನಾಯಿಯೆಂದು ಗೊತ್ತಿದ್ದೂ ಬಿಟ್ಟಿದ್ದರೆ ಹೊಣೆ ಇನ್ನಷ್ಟು ಗಟ್ಟಿಯಾಗುತ್ತದೆ. ‘ನಾಯಿ ಇದೆ, ಎಚ್ಚರಿಕೆ’ ಎಂಬ ಹಲಗೆ ತೂಗುಹಾಕಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. ನಾಯಿ ಅಪಾಯಕಾರಿಯೆಂದು ಮಾಲೀಕನಿಗೆ ತಿಳಿದಿತ್ತು ಎಂಬುದಕ್ಕೆ ಆ ಹಲಗೆಯೇ ಆಧಾರವಾಗಲೂ ಬಹುದು. ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ, ಅಂಚೆಯವ, ನೀರಿಗೆ ಬಂದ ನೆರೆಯವಳು ಇವರಾರೂ ಹಲಗೆ ಓದಿ ಹಿಂದಿರುಗುವ ಅಪರಿಚಿತರಲ್ಲ.

ಆದರೆ ಮಾಲೀಕನ ಪಕ್ಷದಲ್ಲಿಯೂ ಕೇಳತಕ್ಕ ಮಾತುಗಳುಂಟು. ರಾತ್ರಿ ಗೋಡೆ ಹಾರಿ ಕಳ್ಳತನಕ್ಕೆ ಬಂದವನನ್ನು ಕಟ್ಟಿದ ನಾಯಿ ಕಚ್ಚಿದರೆ, ಅಥವಾ ಕಟ್ಟಿದ ನಾಯಿಯನ್ನು ದೊಡ್ಡವರೇ ಕಲ್ಲು ಹೊಡೆದು ಕೆಣಕಿದ್ದರೆ, ನ್ಯಾಯಾಲಯ ಅದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಬುದ್ಧಿ ಬಲಿಯದ ಮಗುವಿನ ವಿಷಯದಲ್ಲಿ ಮಾತ್ರ ‘ಕೆಣಕಿತು’ ಎಂಬ ನೆಪಕ್ಕೆ ಅಷ್ಟು ಬೆಲೆ ಇರುವುದಿಲ್ಲ.

2024ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ 23 ತಳಿಯ ಉಗ್ರ ನಾಯಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಅದನ್ನು ಹೊರಡಿಸಲಾಗಿದೆಯೆಂದು ಕರ್ನಾಟಕ ಉಚ್ಚ ನ್ಯಾಯಾಲಯ ಅದೇ ವರ್ಷದ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ತಳಿಯ ಮೇಲಿನ ನಿಷೇಧ ಹೋಯಿತೆಂದ ಮಾತ್ರಕ್ಕೆ ಮಾಲೀಕನ ಹೊಣೆ ಹೋಯಿತೆಂದು ತಿಳಿಯಬಾರದು. ವಿದೇಶೀ ತಳಿಯಾಗಲಿ, ಮುಧೋಳದ ಬೇಟೆನಾಯಿಯಾಗಲಿ, ಹೆಸರಿಲ್ಲದ ಊರನಾಯಿಯಾಗಲಿ, ಸಾಕಿದವನ ಹೊಣೆ ಒಂದೇ.

ನೆರೆಹೊರೆಯ ಸಂಕೋಚ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಏಳು ವರ್ಷದ ಹುಡುಗಿ ಮಜ್ಜಿಗೆ ತರಲು ದೊಡ್ಡಪ್ಪನ ಮನೆಗೆ ಹೋದಳು. ಬಿಟ್ಟಿದ್ದ ನಾಯಿ ಅವಳ ಮೊಣಕೈಯನ್ನು ಕಚ್ಚಿತು. ತಾಯಿ ಆಸ್ಪತ್ರೆಗೆ ಹೋಗೋಣವೆನ್ನುತ್ತಾಳೆ. ತಂದೆ, ‘ಅಣ್ಣನಿಗೆ ಬೇಸರವಾದೀತು, ನಾಳೆ ಅವರ ಮನೆಯ ಮದುವೆಗೆ ಮುಖ ತೋರಿಸಬೇಕು, ಸಣ್ಣ ಗಾಯ ತಾನೆ’ ಎನ್ನುತ್ತಾನೆ. ಇಂಥ ಸಂಕೋಚದಿಂದ ದಿನಗಳು ಉರುಳುತ್ತವೆ. ರೇಬೀಸ್ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮದುವೆಯೂ ಮುಗಿದಿರುತ್ತದೆ, ಗಾಯವೂ ಮಾಗಿರುತ್ತದೆ. ಆದರೆ ಮಗುವನ್ನು ಉಳಿಸುವ ಕಾಲ ಮೀರಿರುತ್ತದೆ.

ಆದುದರಿಂದ ದಂಪತಿಗಳೇ, ಇದನ್ನು ಚೆನ್ನಾಗಿ ನೆನಪಿಡಿರಿ. ಆಸ್ಪತ್ರೆಗೆ ಹೋಗುವುದು ಯಾರ ಮೇಲೂ ದೂರು ಕೊಟ್ಟಂತೆ ಅಲ್ಲ. ಆಸ್ಪತ್ರೆಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಗಂಡ ಹೊಲದಲ್ಲಿದ್ದರೆ ಅವನು ಬರುವವರೆಗೆ ಹೆಂಡತಿ ಕಾಯಬೇಕಾಗಿಲ್ಲ. ಅತ್ತೆಯವರೋ ಮಾವನವರೋ ಬೇಡವೆಂದರೂ ನಿಲ್ಲಬೇಕಾಗಿಲ್ಲ. ದೂರು ಕೊಡಬೇಕೇ, ಪರಿಹಾರ ಕೇಳಬೇಕೇ ಎಂಬುದನ್ನು ಮನೆಮಂದಿ ಕುಳಿತು ಆಮೇಲೆ ನಿರ್ಧರಿಸಬಹುದು. ಲಸಿಕೆಯ ನಿರ್ಧಾರ ಮಾತ್ರ ಆ ದಿನವೇ ಆಗಬೇಕು. ಬೈಗಳ ಭಯದಿಂದ ಮಕ್ಕಳು ಗಾಯವನ್ನು ಮುಚ್ಚಿಡುವುದುಂಟು. ‘ನಾಯಿ ಕಚ್ಚಿದರೂ ತರಚಿದರೂ ನಮಗೆ ಹೇಳು, ಹೊಡೆಯುವುದಿಲ್ಲ’ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಪರಿಹಾರ ಪಡೆಯುವ ದಾರಿ

ಪರಿಹಾರ ಕೇಳಲು ನಿರ್ಧರಿಸಿದರೆ ಈ ಕ್ರಮವನ್ನು ಅನುಸರಿಸಿರಿ.

1. ಆಸ್ಪತ್ರೆಯ ಚೀಟಿಯಲ್ಲಿ ನಾಯಿ ಕಡಿತವೆಂದೂ, ದಿನಾಂಕ, ವೇಳೆ, ಗಾಯದ ಸ್ಥಳವನ್ನೂ ಬರೆಸಿಕೊಳ್ಳಿರಿ. ಲಸಿಕೆಯ ಕಾರ್ಡು, ಔಷಧದ ರಸೀದಿ, ಗಾಯದ ಭಾವಚಿತ್ರಗಳನ್ನು ಒಂದೇ ಕಡೆ ಜೋಪಾನವಾಗಿಡಿರಿ.

2. ಕಂಡವರ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಿರಿ. ಅದೇ ನಾಯಿ ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿರಿ.

3. ನಾಯಿಗೆ ಲಸಿಕೆ ಹಾಕಿಸಿದೆಯೇ ಎಂದು ಮಾಲೀಕನನ್ನು ಕೇಳಿ, ಕಾರ್ಡನ್ನು ನೋಡಿರಿ. ಹಾಕಿಸಿದೆ ಎಂಬ ಬಾಯಿಮಾತನ್ನು ನಂಬಿ ನಿಮ್ಮ ಲಸಿಕೆಯನ್ನು ನಿಲ್ಲಿಸಬೇಡಿ.

4. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿರಿ. ಕೊಟ್ಟ ದೂರಿನ ಪ್ರತಿಯನ್ನು ಇಟ್ಟುಕೊಳ್ಳಿರಿ.

5. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು.

6. ಪರಿಹಾರದ ಮೊತ್ತದ ಬಗ್ಗೆ ಎರಡೂ ಕಡೆಯವರು ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು. ಅಲ್ಲಿಯ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ. ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ ಮುಂದೆಯೂ ಬಾಳಬೇಕಾದವರಿಗೆ ಇದು ಮನಸ್ಸು ಮುರಿಯದ ದಾರಿ.

ನಾಯಿ ಸಾಕಿದವರಿಗೆ ನಾಲ್ಕು ಮಾತು

ಇಲ್ಲಿ ಕುಳಿತವರಲ್ಲಿ ಅನೇಕರು ನಾಯಿ ಸಾಕಿದವರೇ. ಇಂದು ಪರಿಹಾರ ಕೇಳುವವರು ನಾಳೆ ಪರಿಹಾರ ಕೊಡಬೇಕಾದವರೂ ಆಗಬಹುದು. ಆದುದರಿಂದ ನಾಯಿಮರಿಗೆ ಮೂರು ತಿಂಗಳು ತುಂಬುತ್ತಲೇ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿರಿ. ವೈದ್ಯರು ಹೇಳಿದಂತೆ ಪ್ರತಿವರ್ಷವೂ ಹಾಕಿಸಿ, ಕಾರ್ಡನ್ನು ಕಾಪಾಡಿರಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಜಂತುನಾಶಕ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಣೆಯನ್ನು ಮಾಲೀಕನ ಮೇಲೆಯೇ ಇರಿಸಿವೆ. ಶಾಲೆ ಬಿಡುವ ಹೊತ್ತಿನಲ್ಲಿ ನಾಯಿಯನ್ನು ಕಟ್ಟಿರಿ. ಮರಿಹಾಕಿದ ನಾಯಿಯ ಬಳಿ ಮಕ್ಕಳನ್ನು ಬಿಡಬೇಡಿ. ಕುರಿ ಹಿಂಡಿನೊಡನೆ ಊರಿಂದೂರಿಗೆ ಹೋಗುವವರು ಜನವಸತಿಯ ನಡುವೆ ಸಾಗುವಾಗ ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಳ್ಳಿರಿ.

ನಾಯಿ ಮುದಿಯಾಯಿತು, ಕಚ್ಚತೊಡಗಿತು ಎಂದು ದೂರದ ರಸ್ತೆಯಲ್ಲಿ ಬಿಟ್ಟು ಬರಬೇಡಿ. ಹಾಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದಂತೆ ಅಪರಾಧ. ವಿಷವಿಟ್ಟು ಕೊಲ್ಲುವುದು ಇನ್ನೂ ದೊಡ್ಡ ಅಪರಾಧ. ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆಯಿದೆ.

ನಿಮ್ಮ ನಾಯಿ ಕಚ್ಚಿದಾಗ ಜಗಳಕ್ಕೆ ನಿಲ್ಲದೆ, ಸಾಬೂನು ನೀರು ಹಿಡಿದು ಓಡಿರಿ. ಕಚ್ಚಿಸಿಕೊಂಡವರನ್ನು ನಿಮ್ಮದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ನಾಲ್ಕೂ ಸಲದ ಖರ್ಚನ್ನೂ ತಪ್ಪಿದ ಕೂಲಿಯನ್ನೂ ತುಂಬಿಕೊಡಿರಿ. ಕಾನೂನು ಕೇಳುವುದಕ್ಕೆ ಮೊದಲೇ ಹೀಗೆ ನಡೆದುಕೊಳ್ಳುವ ಮನೆಯ ಮರ್ಯಾದೆ ಊರಿನಲ್ಲಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮಾಲೀಕರಿಲ್ಲದ ಬೀದಿನಾಯಿಗಳ ಮಾತು ಬೇರೆ. ಅವುಗಳಿಗೆ ಲಸಿಕೆ ಹಾಕಿಸಿ ಸಂತಾನ ನಿಯಂತ್ರಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಶಾಲೆ, ಅಂಗನವಾಡಿ, ಸಂತೆಯ ಬಳಿ ಅವುಗಳ ಕಾಟವಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿರಿ. ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೀದಿನಾಯಿ ಕಚ್ಚಿದರೂ ಗಾಯ ತೊಳೆಯುವ, ಲಸಿಕೆ ಹಾಕಿಸುವ ಕ್ರಮದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ನಾಯಿಗಳ ಮೂಲಕ ಹರಡುವ ರೇಬೀಸ್ ಅನ್ನು 2030ರೊಳಗೆ ತೊಲಗಿಸಬೇಕೆಂದು ನಮ್ಮ ದೇಶ 2021ರಲ್ಲಿ ಸಂಕಲ್ಪ ಮಾಡಿದೆ. ಆ ಸಂಕಲ್ಪ ಈಡೇರಬೇಕಾದರೆ ಸರ್ಕಾರದ ಲಸಿಕೆಯ ಜೊತೆಗೆ ಪ್ರತಿ ಮನೆಯ ಎಚ್ಚರವೂ ಬೇಕು. ಮನೆಗೆ ಹಿಂದಿರುಗಿದ ಮೇಲೆ ಗಂಡಹೆಂಡಿರಿಬ್ಬರೂ ಎರಡು ಕೆಲಸ ಮಾಡಿರಿ. ನಿಮ್ಮ ನಾಯಿಯ ಲಸಿಕೆಯ ಕಾರ್ಡು ಎಲ್ಲಿದೆ, ಅದರ ಅವಧಿ ಮುಗಿದಿಲ್ಲವಷ್ಟೆ ಎಂದು ನೋಡಿರಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನಾಯಿ ಕಡಿತದ ಲಸಿಕೆ ಯಾವ ವೇಳೆಯಲ್ಲಿ ದೊರೆಯುತ್ತದೆಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.